ಹನ್ನೆರಡನೆಯ ಎಲೆ

ನಾನು ಶಾಲೆಗೆ ಹೋದವನಲ್ಲ ಮಕ್ಕಳೆ. ಆದರೆ ಶಾಲೆಯ ವಿಷಯ ನನ್ನಷ್ಟು ಬಲ್ಲವರಿಲ್ಲ. ಕಾಡಿನ ಶಾಲೆಯೊಂದನ್ನು ಆಲದ ಮರದ ಮೇಲೆ ಕೂತು ಕಣ್ಣಾರೆ ಕಂಡಿದ್ದೇನೆ. ಆ ಆಲ ಎಷ್ಟು ಹರಡಿತ್ತೆಂದರೆ, ಒಂದು ಕೊಂಬೆಯ ಮೇಲೆ ಮಳೆ ಸುರಿಯುವಾಗ ಇನ್ನೊಂದರ ಮೇಲೆ ನಾನು ಹಪ್ಪಳ ಒಣಗಿಸುತ್ತಿದ್ದೆ.

ಮರದ ಬುಡದಲ್ಲಿ, ಕೆರೆಯ ಪಕ್ಕ, ಆಮೆ ಮೇಷ್ಟ್ರ ಶಾಲೆ. ಕ್ಲಾಸ್ ಲೀಡರ್ ಅಳಿಲು. ಅದಕ್ಕೆ ಎಲ್ಲದರಲ್ಲೂ ಅವಸರ. ಬೆಳಿಗ್ಗೆ ತಲೆ ಎಣಿಸಬೇಕು, ಮಧ್ಯಾಹ್ನ ತಲೆಗೊಂದು ಊಟದ ಎಲೆ ಹಾಕಬೇಕು.

ಹೊಸದಾಗಿ ಸೇರಿದವನು ಚಿಪ್ಪುಹಂದಿಯ ಮರಿ ಚೆನ್ನಿಗ. ಅಂಜಿಕೆಯಾದರೆ ಸುರುಳಿ ಸುತ್ತಿ ಚೆಂಡಾಗುತ್ತಿದ್ದ. ಅಳಿಲು ಹತ್ತಿರ ಬಂದರೆ ಸಾಕು, ತಲೆ ಒಳಗೆ.

"ತಲೆ ಕಾಣಲ್ಲ, ಎಣಿಸಲ್ಲ. ಒಟ್ಟು ಹನ್ನೊಂದು," ಎಂದು ಅಳಿಲು ಮುಂದೆ ಓಡುತ್ತಿತ್ತು. ಎಲೆಯೂ ಹನ್ನೊಂದೇ. ಪಕ್ಕದಲ್ಲೇ ಕೂರುವ ಮೊಲದ ಮರಿ ಮಲ್ಲಿಯೂ ಅವನನ್ನು ಮಾತಾಡಿಸಿರಲಿಲ್ಲ. ಎಲ್ಲರಿಗೂ ಅವನು "ಚೆಂಡು".

ದಿನಾ ಬೆಳಿಗ್ಗೆ ಚೆನ್ನಿಗನದು ಒಂದೇ ರಾಗ. "ಅವ್ವಾ, ಹೊಟ್ಟೆನೋವು. ಇವತ್ತೂ ನನ್ನನ್ನು ಎಣಿಸದಿದ್ದರೆ?"

"ರಜೆಯ ದಿನ ಬಾರದ ಹೊಟ್ಟೆನೋವು ಇದೆಂಥದ್ದೋ ಮಗನೆ?" ಎನ್ನುತ್ತಿದ್ದಳು ಅವ್ವ.

ಒಂದು ದಿನ ಜೋರು ಮಳೆಗೆ ಕೆರೆ ತುಂಬಿ ಹರಿಯಿತು. ನೀರು ಆಲದ ಬೇರಿಗೇ ಬಂತು. ಮೇಷ್ಟ್ರೂ ಮಕ್ಕಳೂ ಬಂಡೆ ಹತ್ತಿದರು.

"ಹನ್ನೊಂದು. ಬೆಳಿಗ್ಗೆಯೂ ಹನ್ನೊಂದು. ಎಲ್ಲರೂ ಬಂದಾಯ್ತು ಮೇಷ್ಟ್ರೆ," ಎಂದಿತು ಅಳಿಲು.

ಮಲ್ಲಿಗೆ ಕೂತಲ್ಲಿ ಕೂರಲಾಗಲಿಲ್ಲ. "ಮೇಷ್ಟ್ರೆ, ನನ್ನ ಎಡಗಡೆ ಚಳಿ ಆಗ್ತಿದೆ."

"ಮಳೇಲಿ ಚಳಿ ಆಗದೆ ಸೆಕೆ ಆಗುತ್ತಾ?" ಎಂದಿತು ಅಳಿಲು.

"ಬಲಗಡೆ ಆಗ್ತಿಲ್ಲ ಕಣೋ. ಎಡಗಡೆ ದಿನಾ ಅವನಿರ್ತಾನೆ."

ಎಲ್ಲರೂ ಕೆಳಗೆ ನೋಡಿದರು. ಬೇರಿನ ಸಂದಿಯಲ್ಲಿ ಚೆನ್ನಿಗ ಸುರುಳಿ ಸುತ್ತಿ ಬಿದ್ದಿದ್ದ. ಅರ್ಧ ಮೈ ನೀರಿನಲ್ಲಿತ್ತು.

"ಏ ಚೆಂಡು, ಓಡೋ," ಎಂದು ಕೂಗಿದರು. ಸುರುಳಿ ಇನ್ನೂ ಬಿಗಿಯಾಯಿತು.

ಮಲ್ಲಿ ಅರ್ಧ ಬಂಡೆ ಇಳಿದಳು. "ಚೆನ್ನಿಗಾ, ಬಾರೋ. ನನ್ನ ಪಕ್ಕ ನಿನ್ನ ಜಾಗ ಹಾಗೇ ಇದೆ."

ಶಾಲೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಮೊದಲು ಮೂಗು ಹೊರಬಂತು, ಆಮೇಲೆ ಉಗುರು. ಅವನು ಬಂಡೆ ಹತ್ತಿದ ರಭಸಕ್ಕೆ ನನ್ನ ಹಪ್ಪಳವೆಲ್ಲ ಹಾರಿಹೋಯಿತು, ನಂಬದಿದ್ದರೆ ಬಿಡಿ.

ನೀರು ಇಳಿದ ಮೇಲೆ ಮತ್ತೆ ಶಾಲೆ. ಚೆನ್ನಿಗನ ಹೊಟ್ಟೆ ಇನ್ನೂ ಚೂರು ನೋಯುತ್ತಿತ್ತು. ಬಂದವನೇ ಸುರುಳಿಯಾದ. ಮಧ್ಯಾಹ್ನ ಅಳಿಲು ಹನ್ನೆರಡು ಎಲೆ ಹಾಕಿತು.

"ತಲೆ ಇನ್ನೂ ಕಂಡಿಲ್ಲವಲ್ಲ?" ಎಂದಿತು ಕಾಗೆಯ ಮರಿ.

"ಎಲೆ ಹಾಕಿರೋಣ. ತಲೆ ಆಮೇಲೆ ಬರುತ್ತೆ," ಎಂದು ಅಳಿಲು, ಹುಟ್ಟಿದಾಗಿನಿಂದ ಮೊದಲ ಸಲ, ಸುಮ್ಮನೆ ಕಾಯುತ್ತ ನಿಂತಿತು.

ಬಂತು.

ನೀತಿ: ಹೊಸಬರ ಅಂಜಿಕೆ ಹೋದಮೇಲೆ ಜಾಗ ಕೊಡೋಣ ಎಂದು ಕಾಯಬೇಡಿ, ಮೊದಲು ಪಕ್ಕದಲ್ಲಿ ಜಾಗ ಕೊಡಿ, ಅಂಜಿಕೆ ಮೆಲ್ಲಗೆ ಹೋಗುತ್ತದೆ.