ಸರದಿಯ ಕಲ್ಲು

ಹೋಳಿಯ ಮರುದಿನ ಮೊದಲ ಸಲ ಹಗ್ಗ ಹರಿದುಕೊಂಡು ಹೊರಟ ಕತ್ತೆ ನಾನು. ಆಮೇಲೆ ಎಲ್ಲೂ ನೆಲೆ ನಿಂತವನಲ್ಲ. ಒಂದು ಗೋಣಿಚೀಲ ಹೊತ್ತು ಅಲೆಯುತ್ತಾ ಒಂದು ಉಗ್ರಾಣದ ಮುಂದೆ ಬಂದೆ. ಅಲ್ಲಿ ಪ್ರಾಣಿಗಳಿಗೆಲ್ಲ ಸಮಪಾಲು ಕಾಳು ಸಿಗುತ್ತಿತ್ತು. ಸರದಿ ಹಿಡಿಯಲು ಒಬ್ಬೊಬ್ಬರೂ ಒಂದೊಂದು ಕಲ್ಲು ಇಡುತ್ತಿದ್ದರು. ಅಂದು ಬಾಗಿಲಲ್ಲಿ ಹೊಸದಾಗಿ ನರಿ ಕೂತಿತ್ತು.

"ಅಣ್ಣಾ, ನನ್ನ ಕಲ್ಲೇ ಮೊದಲು," ಎಂದಿತು ಕುರಿ ನರಿಗೆ. ಅದರ ಎರಡು ಮರಿಗಳೂ ಹಸಿವಿಗೆ ನೆಲ ಹಿಡಿದಿದ್ದವು.

"ಪಾಲಿನ ಕಾಲ ಮುಗೀತು ಕುರಿಯಕ್ಕಾ. ಇನ್ನು ಕೊಟ್ಟು ಕೊಳ್ಳೋ ವ್ಯಾಪಾರ. ಏನು ತಂದಿದ್ದೀ?"

"ಮೈಮೇಲಿನ ಉಣ್ಣೆ ಇದೆ."

"ಈ ಬಿಸಿಲಲ್ಲಿ ಉಣ್ಣೆ ಯಾರಿಗೆ ಬೇಕು? ಮರಿ ಎರಡಿವೆಯಲ್ಲ. ಬಲವಂತವೇನಿಲ್ಲ, ನಿನ್ನಿಷ್ಟ."

ಕುರಿ ಎರಡೂ ಮರಿಗಳನ್ನು ಮೂಸಿ ನೋಡಿತು. ಕೊನೆಗೆ ಒಂದು ಮರಿಯನ್ನು ಒಳಗೆ ಬಿಟ್ಟು, ಇನ್ನೊಂದಕ್ಕೆ ಕಾಳು ತಂದಿತು.

ಹಿಂದಿದ್ದ ಕೋಳಿ ಕಾಳನ್ನಷ್ಟೇ ನೋಡಿತು. "ಕಂಡಿರಾ? ಸಾಲಲ್ಲಿ ನಿಂತರೆ ಸಿಕ್ಕೇ ಸಿಗುತ್ತೆ!" ಎಂದು ತನ್ನ ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಂಡು ಕಲ್ಲನ್ನು ಮುಂದಕ್ಕೆ ನೂಕಿತು.

"ಕಲ್ಲು ಬಿಡು ತಾಯಿ, ಮರಿ ಕರಕೊಂಡು ಓಡು," ಎಂದೆ.

"ಸುಮ್ನಿರೋ ಅಲೆಮಾರಿ! ನನ್ನ ಸರದಿ ಕಸಿಯೋಕೆ ಬಂದ್ಯಾ?"

ನರಿ "ಮುಂದಿನವರು ಬನ್ನಿ" ಎಂದು ಕರೆಯುವಾಗ ನಾನು ಅಲ್ಲಿಂದ ಹೊರಡಲು ನನ್ನ ಗೋಣಿಚೀಲ ಬೆನ್ನಿಗೇರಿಸಿಕೊಳ್ಳುತ್ತಿದ್ದೆ.