ಹೊಂಗೆ ಮರ ಕೊಟ್ಟ ಮಣ್ಣು

ಹಿಡಿಯೊಳಗೊಂದು ಊರು. ಊರ ತುಂಬ ಜನ. ಒಬ್ಬರಿಗೂ ಕಣ್ಣಿಲ್ಲ, ಕೈಯಿಲ್ಲ, ಆದರೂ ಎಲ್ಲರೂ ಕಾವಲುಗಾರರು. ಏನದು ಹೇಳಿ ನೋಡೋಣ.

ಇರುವೆ ಅಲ್ಲ. ದಾಳಿಂಬೆಯೂ ಅಲ್ಲ. ಸುಮ್ಮನೆ ತಲೆ ಕೆರೆದುಕೊಳ್ಳಬೇಡಿ, ದ್ಯಾವಕ್ಕನಿಗೂ ಗೊತ್ತಿರಲಿಲ್ಲ.

ಆಗ ಭೂಮಿ ಇನ್ನೂ ಹಸಿಹಸಿಯಾಗಿತ್ತು. ಎಲ್ಲಿ ಕೂರಬೇಕು ಅಂತ ಬೆಟ್ಟಗಳು ಜಾಗ ಹುಡುಕುತ್ತಿದ್ದವು. ಗಾಳಿಗೂ ಮಾತು ಬರುತ್ತಿತ್ತು, ಮರಕ್ಕೂ ಬರುತ್ತಿತ್ತು, ಯಾರು ಯಾರನ್ನು ಬೇಕಾದರೂ ಬೈಯಬಹುದಿತ್ತು. ಆ ಕಾಲದಲ್ಲಿ ಬದನೆ ಬೀಜ ಇದ್ದದ್ದು ದ್ಯಾವಕ್ಕ ಅನ್ನುವ ಒಬ್ಬಳ ಹತ್ತಿರ ಮಾತ್ರ.

ಅವಳು ಬೀಜ ಚೆಲ್ಲುತ್ತಿದ್ದಳು. ಸಸಿ ಏಳುತ್ತಿತ್ತು, ಎರಡೆಲೆ ಬಿಟ್ಟು ನೆಟ್ಟಗೆ ನಿಲ್ಲುತ್ತಿತ್ತು. ಹತ್ತನೇ ದಿನಕ್ಕೆ ಬೂಷ್ಟು ಬಂದು ಅದರ ಬುಡಕ್ಕೆ ಬಾಯಿ ಹಾಕುತ್ತಿತ್ತು. ಸಸಿ ಸೊಂಟ ಮುರಿದವರ ಹಾಗೆ ಮಲಗಿಬಿಡುತ್ತಿತ್ತು.

"ಯಾಕಪ್ಪ ಹಿಂಗ್ ಮಾಡ್ತೀಯ?" ಅಂತ ದ್ಯಾವಕ್ಕ ಕೇಳಿದಳು.

"ಹಸಿವು ಕಣಕ್ಕ," ಅಂದಿತು ಬೂಷ್ಟು. "ಎಳೇದು ಕಂಡ್ರೆ ನಂಗೆ ಬಾಯಲ್ಲಿ ನೀರು."

ಮತ್ತೆ ಚೆಲ್ಲಿದಳು. ಮತ್ತೆ ಎದ್ದವು. ಮತ್ತೆ ಮಲಗಿದವು. ಕೊನೆಗೆ ಸೆರಗಿನ ಗಂಟಿನಲ್ಲಿ ಉಳಿದದ್ದು ಎರಡೇ ಹಿಡಿ ಬೀಜ. ಅದೂ ಹೋದರೆ ಲೋಕದಲ್ಲಿ ಬದನೆ ಅನ್ನುವುದೇ ಇಲ್ಲ.

ದ್ಯಾವಕ್ಕ ಮುದಿ ಹೊಂಗೆ ಮರದ ಹತ್ತಿರ ಹೋದಳು. "ದೊಡ್ಡಪ್ಪ, ನಿನ್ನ ಮಕ್ಳೆಲ್ಲ ಹೆಂಗೆ ಉಳ್ಕೋತವೆ? ನನ್ನ ಸಸಿಗೂ ಏನಾದ್ರೂ ಕೊಡು."

ಹೊಂಗೆ ಮರದ್ದು ಕಡಿಮೆ ಮಾತು. "ಮಣ್ಣು," ಅಂದಿತು.

ದ್ಯಾವಕ್ಕನ ಮುಖ ಕೆಂಪಾಯಿತು. ಏನೂ ಇಲ್ಲ ಹೋಗು ಅನ್ನುವುದಕ್ಕೂ ನಮ್ಮ ಜನ ಅದನ್ನೇ ಅಲ್ಲವೆ ಹೇಳುವುದು? "ನನ್ನ ಬಾಳಿಗೇ ಮಣ್ಣು ಬಿತ್ತು ಅಂತ ಬಂದ್ರೆ, ನೀನೂ ಅದನ್ನೇ ಅಂತೀಯಲ್ಲ. ನಿನ್ನ ತಲೆ ಮೇಲೆ ಕಾಗೆ ಗೂಡು ಕಟ್ಟ."

"ಕಟ್ಟಿ ಆಗಿದೆ ಕಣಕ್ಕ," ಅಂದಿತು ಮೇಲಿದ್ದ ಕಾಗೆ.

ಅವಳು ತಿರುಗಿಯೂ ನೋಡಲಿಲ್ಲ. ಸಿಟ್ಟಿನಲ್ಲೇ ಹೋಗಿ ಒಂದು ಹಿಡಿ ಬೀಜ ಚೆಲ್ಲಿದಳು. ಹತ್ತನೇ ದಿನಕ್ಕೆ ಅದೂ ಮಲಗಿತು.

ಮತ್ತೆ ಹೊಂಗೆ ಮರದ ಕೆಳಗೇ ಬಂದು ಕೂತಳು. ಕೇಳಲಿಕ್ಕಲ್ಲ, ಬೇರೆಲ್ಲೂ ನೆರಳಿರಲಿಲ್ಲ. ಅಳುತ್ತ ಅಳುತ್ತ ಒದ್ದೆ ತರಗೆಲೆಯನ್ನು ಕೈಯಿಂದ ಸರಿಸಿದಳು. ನೋಡಿದರೆ ಅಲ್ಲಿ ಬೂಷ್ಟು ಕೂತು ಸತ್ತ ಎಲೆ ಮೆಲ್ಲುತ್ತಿದೆ. ಗೇಣು ದೂರದಲ್ಲಿ ಎಳೇ ಹೊಂಗೆ ಸಸಿ ನೆಟ್ಟಗೆ ನಿಂತಿದೆ.

"ಇದನ್ಯಾಕೆ ಬಿಟ್ಟಿದ್ದೀಯ?" ಅಂದಳು.

"ಮೆಲ್ಲಗೆ ಮಾತಾಡಕ್ಕ," ಬೂಷ್ಟು ಪಿಸುಗುಟ್ಟಿತು. "ಅದರ ಬೇರಿನ ಸುತ್ತ ಸಣ್ಣೋರಿದ್ದಾರೆ. ಕಣ್ಣಿಗೆ ಕಾಣಲ್ಲ. ಹತ್ರ ಹೋದ್ರೆ ಅದೇನೋ ಉಗುಳ್ತಾರೆ, ಮೈಯೆಲ್ಲ ಉರಿ. ಒಂದು ಹಿಡಿ ಮಣ್ಣಲ್ಲಿ ಒಂದೂರು ಜನ."

ಆ ಸಣ್ಣೋರಿಗೆ ಈಗ ಪುಸ್ತಕದಲ್ಲಿ ಬ್ಯಾಕ್ಟೀರಿಯಾ ಅಂತ ಬರೆದಿದ್ದಾರೆ. ಆಗ ಅವರಿಗೆ ಹೆಸರೇ ಇರಲಿಲ್ಲ.

ದ್ಯಾವಕ್ಕ ತಲೆಯೆತ್ತಿದಳು. "ಹಂಗಾದ್ರೆ ನೀನು ಅವತ್ತು ಮಣ್ಣು ಅಂದಿದ್ದು..."

"ಮಣ್ಣು ಅಂತ್ಲೇ," ಅಂದಿತು ಮರ. "ಬೇರಿಂದ ನಾನು ಅವರಿಗೆ ಸಿಹಿ ಉಣಿಸ್ತೀನಿ. ಅವರು ನನ್ನ ಮಕ್ಕಳನ್ನ ಕಾಯ್ತಾರೆ. ನೀನೂ ಒಂದಿಷ್ಟು ತಗೊಂಡು ಹೋಗು ಅನ್ನೋದ್ರೊಳಗೆ ನೀನು ಹೊರಟೇ ಹೋದೆ."

ದ್ಯಾವಕ್ಕ ಸೆರಗೊಡ್ಡಿದಳು. ತವರಿಂದ ಮಡಿಲಕ್ಕಿ ತುಂಬಿಸಿಕೊಂಡವಳ ಹಾಗೆ, ಒಂದು ಚೂರೂ ಚೆಲ್ಲದೆ, ಆ ಮಣ್ಣನ್ನು ಮನೆಗೆ ತಂದಳು. ಅದರಲ್ಲಿ ಕೊನೆಯ ಹಿಡಿ ಬೀಜ ಹಾಕಿ, ಪಕ್ಕದಲ್ಲಿ ಕೂತು ಕಾದಳು.

ಹತ್ತನೇ ದಿನ ಬೂಷ್ಟು ಬಂತು. ಸಸಿಯ ಬುಡ ಮೂಸಿ ಹಿಂದೆ ಸರಿಯಿತು.

"ಹಂಗಾದ್ರೆ ನಾನು ಏನಕ್ಕ ತಿನ್ಲಿ?" ಅಂತ ಸಣ್ಣ ದನಿಯಲ್ಲಿ ಕೇಳಿತು.

ದ್ಯಾವಕ್ಕ ಅದರ ಕಡೆ ತಿರುಗಿದಳು. ಹಸಿವು ಅವಳಿಗೂ ಗೊತ್ತಿತ್ತು. "ಉದುರಿದ್ದು ತಿನ್ನಪ್ಪ. ನೀನು ತಿನ್ನದಿದ್ರೆ ಲೋಕ ತುಂಬ ಬರೀ ತರಗೆಲೆಯೇ. ಬದುಕ್ತಿರೋದರ ತಂಟೆಗೆ ಹೋಗ್ಬೇಡ, ಅಷ್ಟೇ."

ನಿಜ ಹೇಳಬೇಕೆಂದರೆ, ಈ ಕತೆ ನನ್ನ ಕಿವಿಗೆ ಬಿದ್ದಾಗ ದ್ಯಾವಕ್ಕ ಕೂತು ಕಾದಲ್ಲಿಗೇ ಮುಗಿದಿತ್ತು. ಮುಂದಿನದು ನಾನು ಕಟ್ಟಿದ್ದು. ಅವಳನ್ನು ಹಾಗೇ ಕೂರಿಸಿ ಎದ್ದು ಹೋಗಲು ಮನಸ್ಸು ಬರಲಿಲ್ಲ. ಆದರೆ ಮಳೆ ನಿಂತ ಮೇಲೆ ಮರದ ಬುಡದ ತರಗೆಲೆ ಸರಿಸಿ ನೋಡಿ, ಬಿಳೀ ಬೂಷ್ಟು ಸತ್ತ ಎಲೆಯನ್ನು ಮೆಲ್ಲುತ್ತಿರುತ್ತದೆ, ಗೇಣು ದೂರದಲ್ಲಿ ಎಳೇ ಸಸಿಯೊಂದು ನೆಟ್ಟಗೆ ನಿಂತಿರುತ್ತದೆ; ಅದನ್ನು ಮಾತ್ರ ನಾನು ಕಟ್ಟಿದ್ದಲ್ಲ.