ಪಕ್ಕದ ಹೊಲದ ಎಲೆ

"ಗುರುಗಳೇ, ಫಕೀರೇಶ ಹಾಡಿದರೆ ನೀವು ತಲೆ ತೂಗುತ್ತೀರಿ. ಅದೇ ಪದ ನಾನು ಹಾಡಿದರೆ ತಲೆ ಕೆರೆದುಕೊಳ್ಳುತ್ತೀರಿ. ಯಾಕೆ?"

ಕೇಳಿದವನು ಗುರುಬಸು, ಮಠದಲ್ಲಿ ಹಾಡು ಕಲಿಯುವ ಶಿಷ್ಯ. ಫಕೀರೇಶ ಅವನ ಜೊತೆಯವನು. ಫಕೀರೇಶ ಗಂಟಲಿಗೆಂದು ಒಂದು ಲೋಟ ಮೆಣಸಿನ ಕಷಾಯ ಕುಡಿದರೆ ತಾನು ಎರಡು ಕುಡಿಯುತ್ತೇನೆ, ಅವನಂತೆ ಕಣ್ಣು ಮುಚ್ಚಿ ಹಾಡಿದ್ದೂ ಆಯಿತು, ಆದರೂ ಅಮಾವಾಸ್ಯೆಯ ಭಜನೆಗೆ ಅವನನ್ನೇ ಮುಂದೆ ಕೂರಿಸುತ್ತೀರಿ ಎಂದು ದೂರಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನೂ ಪಕ್ಕದ ಹೊಲದವನೂ ಒಂದೇ ದಿನ ಒಂದೇ ಬೀಜದ ಜೋಳ ಬಿತ್ತಿದರು. ತಿಂಗಳಾಗುವಷ್ಟರಲ್ಲಿ ಪಕ್ಕದವನ ಪೈರು ಗಿಳಿಯ ರೆಕ್ಕೆಯಂತಾಯಿತು. ಇವನದು ಕಾಮಾಲೆ ಬಂದಂತೆ ನಿಂತಿತು. ವರ್ಷದ ರೊಟ್ಟಿ ಆ ಹೊಲದಿಂದಲೇ ಬರಬೇಕು. ಆದರೆ ಅವನ ಕಣ್ಣಿಗೆ ಚುಚ್ಚಿದ್ದು ಪಕ್ಕದವನ ಹಸಿರು. ಬೆಳಗಾದರೆ ತನ್ನ ಹೊಲಕ್ಕೆ ಬೆನ್ನು ಹಾಕಿ ಬದುವಿನ ಮೇಲೆ ನಿಲ್ಲುತ್ತಿದ್ದ.

ಒಂದು ದಿನ ಪಕ್ಕದವನು ಏನೋ ಸಿಂಪಡಿಸುತ್ತಿದ್ದ. ಏನದು ಎಂದು ರೈತ ಕೇಳಿದ. ಅವನು ಮುಚ್ಚಿಡಲಿಲ್ಲ. ತನ್ನ ಮಣ್ಣಿನಲ್ಲಿ ಸತು ಕಡಿಮೆ, ಲೀಟರ್ ನೀರಿಗೆ ಐದು ಗ್ರಾಂ ಸತುವಿನ ಪುಡಿ, ಜೊತೆಗೆ ಸ್ವಲ್ಪ ಸುಣ್ಣದ ತಿಳಿ, ಇಷ್ಟೇ ಎಂದ. ನಿನ್ನ ಪೈರನ್ನೂ ನೋಡುತ್ತೇನೆ ಎಂದು ಬದು ದಾಟಲು ಬಂದ. ರೈತ ಅಡ್ಡ ನಿಂತ. ಸೊರಗಿದ ಪೈರನ್ನು ಅವನಿಗೆ ತೋರಿಸುವುದುಂಟೇ?

ಅವನು ಐದು ಗ್ರಾಂ ಹಾಕಿದರೆ ಇವನು ಹತ್ತು ಹಾಕಿದ. ಅವನು ಒಂದು ಸಲ ಹೊಡೆದರೆ ಇವನು ಮೂರು ಸಲ ಹೊಡೆದ. ಪೈರು ಇನ್ನೂ ಬಿಳಿಚಿತು. ನಿಜವಾದ ಮದ್ದನ್ನು ಅವನು ಬಚ್ಚಿಟ್ಟಿದ್ದಾನೆ ಎಂದು ಹೆಂಡತಿಯ ಮುಂದೆ ಹಲ್ಲು ಕಡಿದ. ಪಕ್ಕದ ಹೊಲದ್ದೇ ಒಂದು ಎಲೆ ಕಿತ್ತು ಅಂಗಿಯೊಳಗೆ ಇಟ್ಟುಕೊಂಡು ಗೊಬ್ಬರದ ಅಂಗಡಿಗೆ ಹೋದ.

"ನನ್ನ ಜೋಳ ಹಿಂಗಾಗಬೇಕು. ಏನು ಹೊಡೀಲಿ?"

ಅಂಗಡಿಯವನು ಎಲೆ ತಿರುಗಿಸಿ ನೋಡಿದ. "ಇದಕ್ಕೇನೂ ಆಗಿಲ್ಲಲ್ಲೋ ಯಪ್ಪಾ. ನಿನ್ನ ಹೊಲದಾಗ ಬಿಳಿಚಿದ್ದು ಸುಳಿ ಎಲಿನೋ, ಬುಡದ ಎಲಿನೋ?"

ರೈತ ಅದನ್ನು ನೋಡಿಯೇ ಇರಲಿಲ್ಲ. ಪಕ್ಕದವನ ಒಂದೊಂದು ಗಿಡಕ್ಕೆ ಎಷ್ಟು ಎಲೆ ಎಂದು ಕೇಳಿದ್ದರೆ ತಟ್ಟನೆ ಹೇಳುತ್ತಿದ್ದ.

ಹೊಲಕ್ಕೆ ಓಡಿ ನೋಡಿ ಬಂದ. ಸುಳಿ ಎಲೆ ಬಿಳಿ, ನರ ಮಾತ್ರ ಹಸಿರು. ಅದು ಕಬ್ಬಿಣದ ಕೊರತೆ, ಪೈರು ಎಳೆಯದಿದ್ದಾಗ ಅನ್ನಭೇದಿ ಎಂಬ ಕಬ್ಬಿಣದ ಉಪ್ಪಿನ ನೀರು ಎರಡು ಸಲ ಹೊಡೆದಿದ್ದರೆ ಸಾಕಿತ್ತು, ಸತು ಸುರಿದಷ್ಟೂ ಕಬ್ಬಿಣ ಸಿಗುವುದು ಕಷ್ಟವಾಗುತ್ತದೆ ಎಂದು ಅಂಗಡಿಯವನು ತಿಳಿಸಿದ. ರೈತ ಅಂದೇ ಅನ್ನಭೇದಿ ಹೊಡೆದ. ಎಲೆಗೆ ಬಣ್ಣ ಬಂತು. ಆದರೆ ತೆನೆ ಆಗಲೇ ಹೊರಬಿದ್ದಿತ್ತು. ಅರ್ಧ ಹೊಲ ಜೊಳ್ಳು.

ಸುಗ್ಗಿಯಲ್ಲಿ ಪಕ್ಕದವನು ಅವನ ಮನೆಗೆ ಎರಡು ಚೀಲ ಜೋಳ ಕಳಿಸಿದ. ರೊಟ್ಟಿ ಮೆತ್ತಗೆ ಬಂತು. ರೈತನಿಗೆ ಅದನ್ನೂ ಸಹಿಸಲಾಗಲಿಲ್ಲ.

ಗುರುಬಸು ಹೊಟ್ಟೆ ಹಿಡಿದುಕೊಂಡು ನಕ್ಕ. ಎಂಥ ದಡ್ಡ ಇರಬೇಕು ಅವನು ಎಂದ.

ಗುರುಗಳು ಕೇಳಿದರು: "ಇರಲಿ, ಆ ಪದದಲ್ಲಿ ನೀನು ತಪ್ಪುವುದು ಎಲ್ಲಿ?"

ಫಕೀರೇಶ ಎಲ್ಲೆಲ್ಲಿ ಉಸಿರು ಎಳೆಯುತ್ತಾನೆ ಎಂದು ಕೇಳಿದ್ದರೆ ಗುರುಬಸು ತಟ್ಟನೆ ಹೇಳುತ್ತಿದ್ದ.